ಸ್ಟ್ರಿಪ್ಪಿಗೆ ಸಿಗದ ಆಲ್ಬುಮಿನ್: ನನ್ನ ಲ್ಯಾಬಿನ ಅನುಭವ

ಮೂತ್ರಪಿಂಡ ಕೆಡಲು ಶುರುವಾದಾಗ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ; ಕ್ರಿಯಾಟಿನಿನ್ ಎಂಬುದು ಮೂತ್ರಪಿಂಡ ಹೊರಹಾಕುವ ಕಸ. ಸಕ್ಕರೆ ಕಾಯಿಲೆಯವರ ಮೂತ್ರದಲ್ಲಿ ಇವೆರಡರ ಅನುಪಾತವನ್ನು, ಅಂದರೆ ನಾವೆಲ್ಲ ಎಸಿಆರ್ ಎಂದು ಕರೆಯುವ ಪರೀಕ್ಷೆಯನ್ನು, ಬೆಂಗಳೂರಿಗೆ ಕಳುಹಿಸದೆ ದಾವಣಗೆರೆಯ ನನ್ನ ಎರಡು ಕೋಣೆಯ ಲ್ಯಾಬಿನಲ್ಲಿಯೇ, ಸೆಕೆಂಡ್ ಹ್ಯಾಂಡ್ ಸೆಮಿ ಆಟೊ ಅನಲೈಸರಿನಲ್ಲಿ ಮಾಡುತ್ತೇನೆಂದು ಹೊರಟಾಗ ಬೆನ್ನು ತಟ್ಟಿದವರಿಗಿಂತ ನಕ್ಕವರೇ ಹೆಚ್ಚು. ಊರಿನ ಹಿರಿಯ ವೈದ್ಯರೊಬ್ಬರು, "ಸ್ಟ್ರಿಪ್ ನಿಲ್ ಬಂದಿದೆ, ಸೀರಮ್ ಕ್ರಿಯಾಟಿನಿನ್ 0.9 ಇದೆ, ಇನ್ನೇನು ಹುಡುಕ್ತೀಯಪ್ಪ?" ಎಂದು ಕೇಳಿದರು. ಈಗ ಅವರ ಚೀಟಿ ಹಿಡಿದೇ ವಾರಕ್ಕೆ ಆರೇಳು ಮಂದಿ ಬರುತ್ತಾರೆ ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಸೀರಮ್ಮಿನ, ಅಂದರೆ ರಕ್ತದ, ಕ್ರಿಯಾಟಿನಿನ್ ಏರುವ ಹೊತ್ತಿಗೆ ಮೂತ್ರಪಿಂಡದ ಅರ್ಧದಷ್ಟು ಶಕ್ತಿ ಹೋಗಿರುತ್ತದೆ ಮತ್ತು ಮೂತ್ರದಲ್ಲಿ ಅದ್ದಿ ಪ್ರೋಟೀನ್ ನೋಡುವ ಸ್ಟ್ರಿಪ್ಪಿನ ಹಳದಿ ಹಸಿರಿಗೆ ತಿರುಗಬೇಕಾದರೆ ಲೀಟರಿಗೆ 150 ಮಿಲಿಗ್ರಾಮಿಗೂ ಹೆಚ್ಚು ಆಲ್ಬುಮಿನ್ ಬೇಕು ಎಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವುದರಿಂದ, ಆ ಪಾಠವನ್ನು ಮತ್ತೆ ಒಪ್ಪಿಸುವುದಿಲ್ಲ.

ಮೊದಲು ಕೈ ಸುಟ್ಟದ್ದು ದುಡ್ಡಿನಲ್ಲಿ. ಆಂಟಿಬಾಡಿ ಆಲ್ಬುಮಿನ್ನಿಗೆ ಅಂಟಿದಾಗ ಕಟ್ಟುವ ಮಸುಕನ್ನು ಅಳೆಯುವ, 50 ಪರೀಕ್ಷೆಯ ಇಮ್ಯುನೊಟರ್ಬಿಡಿಮೆಟ್ರಿ ಕಿಟ್ಟಿಗೆ ಆಗ ಸುಮಾರು 4,500 ರೂಪಾಯಿ ಇತ್ತು. ಬಂದ ಸ್ಯಾಂಪಲ್ಲನ್ನು ಅಂದೇ ಮಾಡಿ ಅಂದೇ ರಿಪೋರ್ಟ್ ಕೊಡಬೇಕೆಂಬ ಹಟದಿಂದ, ಒಬ್ಬಿಬ್ಬರು ರೋಗಿಗಳಿಗಾಗಿ ಐದು ಕ್ಯಾಲಿಬ್ರೇಟರುಗಳನ್ನು, ಅಂದರೆ ಯಂತ್ರಕ್ಕೆ ಅಳತೆ ಕಲಿಸುವ ದ್ರಾವಣಗಳನ್ನು, ಪ್ರತಿ ಸಲವೂ ಓಡಿಸುತ್ತಿದ್ದೆ. ಒಂದು ಕಿಟ್ ಮುಗಿದಾಗ ಲೆಕ್ಕ ಹಾಕಿದರೆ ಅದರಲ್ಲಿ ರೋಗಿಗಳು ಹನ್ನೊಂದೇ ಜನ, ತಲಾ 150ರಂತೆ ಬಂದದ್ದು 1,650. ಹೀಗೆ ನಾಲ್ಕು ತಿಂಗಳಲ್ಲಿ ನಾಲ್ಕು ಕಿಟ್, ಹತ್ತಿರ ಹತ್ತಿರ 11-12 ಸಾವಿರ ನೀರಿಗೆ ಹೋಯಿತು. ಮೂತ್ರದ ಆಲ್ಬುಮಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಒಂದು ವಾರ ಕೆಡದೆ ಉಳಿಯುತ್ತದೆ ಎಂಬುದನ್ನು ಓದಿದ್ದರೂ ನಂಬಿರಲಿಲ್ಲ. ನಂಬಿದ ಮೇಲೆ ಎಲ್ಲವನ್ನೂ ಕೂಡಿಟ್ಟು ಶನಿವಾರ ಒಂದೇ ಸಲಕ್ಕೆ ಮಾಡತೊಡಗಿದೆ. ಲಾಟಿಗೊಮ್ಮೆ ಕ್ಯಾಲಿಬ್ರೇಷನ್, ಬ್ಯಾಚಿಗೆರಡು ಕಂಟ್ರೋಲ್ (ಯಂತ್ರ ಸರಿಯಾಗಿ ಓದುತ್ತಿದೆಯೇ ಎಂದು ನೋಡುವ, ಪ್ರಮಾಣ ಗೊತ್ತಿರುವ ದ್ರಾವಣ) ಎಂದು ಹಿಡಿದರೂ ಕಿಟ್ಟಿಗೆ 36 ರೋಗಿಗಳು ಸಿಗುತ್ತಾರೆ. ಡೀಪ್ ಫ್ರೀಜರಿನಲ್ಲಿ ಇಟ್ಟರೆ ಇನ್ನೂ ಒಳ್ಳೆಯದೆಂದು ಕೆಲವನ್ನು ಮೈನಸ್ 20ರಲ್ಲಿ ಇಟ್ಟು ನೋಡಿದೆ. ಕರಗಿಸಿದಾಗ ತಳದಲ್ಲಿ ಗಸಿ ಕೂತು ಆಲ್ಬುಮಿನ್ ಕಡಿಮೆ ಬಂತು. ಆ ದಾರಿ ಬೇಡ.

ಇನ್ನು ಕಂಟ್ರೋಲಿನ ಕಥೆ. ಕಂಪನಿಯ ಕಂಟ್ರೋಲ್ ದುಬಾರಿಯೆಂದು, ಕೋಳಿಮೊಟ್ಟೆಯ ಬಿಳಿಲೋಳೆಯನ್ನು ಸಲೈನಿನಲ್ಲಿ ಕಲಸಿ ಸೋಸಿ ನಾನೇ ಒಂದು ದ್ರಾವಣ ಮಾಡಿಕೊಂಡೆ. ಪ್ರೋಟೀನನ್ನು ಗಸಿಗಟ್ಟಿಸುವ ಸಲ್ಫೋಸ್ಯಾಲಿಸಿಲಿಕ್ ಆಮ್ಲ ಹಾಕಿದರೆ ಹಾಲಿನಂತೆ ಬೆಳ್ಳಗಾಯಿತು, ಸ್ಟ್ರಿಪ್ಪಿನಲ್ಲಿಯೂ ಬಣ್ಣ ಬಂತು, ಆದರೆ ಅನಲೈಸರ್ ಮಾತ್ರ ಸೊನ್ನೆ ತೋರಿಸಿತು. ಕಿಟ್ ಸತ್ತಿದೆಯೆಂದು ಏಜೆಂಟನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಅಂದೆ. ಅವನು ಪಾಪ, "ಬೇರೆ ಕಿಟ್ ಕಳಿಸ್ತೀನಿ ಬಿಡಿ ಸಾರ್" ಎಂದ. ಹೊಸದೂ ಸೊನ್ನೆಯನ್ನೇ ತೋರಿಸಿದಾಗ ಬುದ್ಧಿ ಬಂತು: ಕಿಟ್ಟಿನ ಆಂಟಿಬಾಡಿ ಮನುಷ್ಯನ ಆಲ್ಬುಮಿನ್ನಿಗೆ ಮಾತ್ರ ಅಂಟುತ್ತದೆ, ಕೋಳಿಯದು ಅದಕ್ಕೆ ಪರಕೀಯ. ಏಜೆಂಟನ ಕ್ಷಮೆ ಕೇಳಿದೆ. ಈಗ ಸೋಂಕಿಲ್ಲವೆಂದು ಪರೀಕ್ಷಿಸಿದ, ಉಳಿಕೆ ಸೀರಮ್ಮುಗಳನ್ನು ಕೂಡಿಸಿ, ಆಲ್ಬುಮಿನ್ ಡೆಸಿಲೀಟರಿಗೆ 4 ಗ್ರಾಂ ಇದ್ದರೆ 800 ಪಟ್ಟು ತೆಳುವಾಗಿಸಿ, ಲೀಟರಿಗೆ 50 ಮಿಲಿಗ್ರಾಮಿನ ಕಂಟ್ರೋಲ್ ಮಾಡಿಕೊಳ್ಳುತ್ತೇನೆ. ಇಷ್ಟು ತೆಳುವಾದ ಆಲ್ಬುಮಿನ್ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಎರಡೇ ದಿನದಲ್ಲಿ ಕುಸಿಯುತ್ತದೆ. ಕುಸಿಯದಂತೆ ಅದಕ್ಕೆ ಏನು ಸೇರಿಸುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾನು ಆರು ತಿಂಗಳು ಮಣ್ಣು ಹೊತ್ತಿದ್ದೇನೆ.

ಅತ್ಯಂತ ಹೆದರಿಸಿದ್ದು ಹರಿಹರದ ಕಡೆಯಿಂದ ಬಂದ ಒಬ್ಬರ ಸ್ಯಾಂಪಲ್. ಎಸಿಆರ್ 22 ಬಂತು, ಅಂದರೆ ಒಂದು ಗ್ರಾಂ ಕ್ರಿಯಾಟಿನಿನ್ನಿಗೆ 22 ಮಿಲಿಗ್ರಾಂ ಆಲ್ಬುಮಿನ್, 30ಕ್ಕಿಂತ ಕಡಿಮೆ, ನಾರ್ಮಲ್. ಸಹಿ ಹಾಕುವ ಮುನ್ನ ಬಾಟಲಿಯ ಕಡೆ ಕಣ್ಣು ಹೋಯಿತು. ಅಲುಗಾಡಿಸಿ ಕಾಲು ಗಂಟೆಯಾಗಿದ್ದರೂ ನೊರೆ ಇಳಿದಿರಲಿಲ್ಲ, ಬೆಣ್ಣೆ ಕಡೆದ ಮಜ್ಜಿಗೆಯ ಮೇಲಿನಂತೆ ಬಾಟಲಿಯ ಕತ್ತಿನವರೆಗೂ ನಿಂತಿತ್ತು. ಸ್ಟ್ರಿಪ್ ಅದ್ದಿದರೆ ನಾಲ್ಕು ಪ್ಲಸ್, ಅಂದರೆ ಅತಿ ಹೆಚ್ಚು ಪ್ರೋಟೀನ್. ಆಲ್ಬುಮಿನ್ ವಿಪರೀತ ಹೆಚ್ಚಾದಾಗ ಆಂಟಿಬಾಡಿ ಸಾಲದೆ ಮಸುಕು ಕಟ್ಟುವುದೇ ಇಲ್ಲ, ಯಂತ್ರ ಅದನ್ನು ಕಡಿಮೆಯೆಂದೇ ಓದುತ್ತದೆ. ಪ್ರೋಜೋನ್ ಎಂಬ ಈ ಮೋಸವನ್ನು ಡಿಪ್ಲೊಮಾದಲ್ಲಿ ಬಾಯಿಪಾಠ ಮಾಡಿದ್ದೆ, ಕಣ್ಣಾರೆ ಕಂಡದ್ದು ಅಂದೇ. 20 ಪಟ್ಟು ತೆಳುವಾಗಿಸಿ ಮಾಡಿದಾಗ ಅನುಪಾತ 3,000 ದಾಟಿತು. ಅಂದಿನಿಂದ ಪ್ರತಿ ಸ್ಯಾಂಪಲ್ಲಿಗೂ ಮೊದಲು ಸ್ಟ್ರಿಪ್; ಒಂದು ಪ್ಲಸ್ ಅಥವಾ ಹೆಚ್ಚಿದ್ದರೆ ನೇರವಾಗಿ ಕಿಟ್ಟಿಗೆ ಹಾಕುವುದಿಲ್ಲ. ಸ್ಟ್ರಿಪ್ಪನ್ನು ಬೈದುಕೊಂಡು ಹೊರಟವನು ಅದನ್ನೇ ಬಾಗಿಲು ಕಾಯಲು ಇಟ್ಟುಕೊಂಡಿದ್ದೇನೆ.

ಸ್ಟ್ರಿಪ್ ಸುಳ್ಳು ಹೇಳುವುದೂ ಉಂಟು. ಒಂದು ವಾರ ಬಂದವರೆಲ್ಲ ಒಂದು ಪ್ಲಸ್ ಆದಾಗ ಗಾಬರಿಯಾಗಿ ಹುಡುಕಿದರೆ, ನಮ್ಮ ಹುಡುಗ ಬಾಟಲಿಗಳನ್ನು ನೆಲ ಒರೆಸುವ ಕ್ವಾಟರ್ನರಿ ಅಮೋನಿಯಂ ದ್ರಾವಣದಲ್ಲಿ ತೊಳೆದಿಟ್ಟಿದ್ದ. ಆಮೇಲೆ ಒಮ್ಮೆ ಬಳಸಿ ಎಸೆಯುವ ಬಾಟಲಿಯನ್ನೇ ತರಿಸುತ್ತಿದ್ದೇನೆ.

ಸ್ಟ್ರಿಪ್ಪಿನ ಜೊತೆಗೆ ಸಲ್ಫೋಸ್ಯಾಲಿಸಿಲಿಕ್ ಆಮ್ಲದ ಹನಿಯನ್ನೂ ಹಾಕುವ ಅಭ್ಯಾಸ ಕೇವಲ ಕುತೂಹಲದಿಂದ ಬೆಳೆದದ್ದು, ಅದಕ್ಕೆ ಪ್ರತ್ಯೇಕ ಹಣವನ್ನೇನೂ ತೆಗೆದುಕೊಳ್ಳುವುದಿಲ್ಲ. ಜಗಳೂರಿನ ಕಡೆಯ ವೃದ್ಧರೊಬ್ಬರು, ಬೆನ್ನುನೋವಿನವರು, ಸ್ಟ್ರಿಪ್ ನಿಲ್, ಆದರೆ ಆಮ್ಲದ ಟ್ಯೂಬು ಮೊಸರಾಯಿತು. ಸ್ಟ್ರಿಪ್ ಹೆಚ್ಚಾಗಿ ಆಲ್ಬುಮಿನ್ನನ್ನೇ ಹಿಡಿಯುತ್ತದೆ, ಆಮ್ಲ ಎಲ್ಲ ಪ್ರೋಟೀನನ್ನೂ ಹಿಡಿಯುತ್ತದೆ; ಇವೆರಡೂ ಜಗಳವಾಡಿದರೆ ನಡುವೆ ಬೇರೆ ಯಾವುದೋ ಪ್ರೋಟೀನ್ ಕೂತಿದೆ ಎಂದರ್ಥ. ವಾಟರ್ ಬಾತಿನಲ್ಲಿ ಬಿಸಿ ಮಾಡಿದೆ: 55 ಡಿಗ್ರಿಯ ಆಸುಪಾಸಿನಲ್ಲಿ ಗಸಿ ಕಟ್ಟಿತು, ಕುದಿಯುವ ಹತ್ತಿರ ಬಂದಾಗ ಮತ್ತೆ ತಿಳಿಯಾಯಿತು. 1840ರ ದಶಕದಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ ವಿವರಿಸಿದ ಗುಣವೇ ಅದು. ಈ ಪರೀಕ್ಷೆ ಬಹಳ ಮೊಂಡು, ಇಲ್ಲವೆಂದರೆ ನಂಬಬಾರದು, ಇದೆಯೆಂದರೆ ಬಿಡಬಾರದು. ಪ್ರೋಟೀನುಗಳನ್ನು ಬಿಡಿಬಿಡಿಯಾಗಿಸಿ ನೋಡುವ ಎಲೆಕ್ಟ್ರೋಫೋರೆಸಿಸ್ಸಿಗೆ ಬೆಂಗಳೂರಿಗೆ ಕಳುಹಿಸಿದೆ, ಮೂಳೆಮಜ್ಜೆಯ ಕ್ಯಾನ್ಸರ್ ಆದ ಮಲ್ಟಿಪಲ್ ಮೈಲೋಮಾ ಎಂದು ಬಂತು.

ಸ್ಯಾಂಪಲ್ ತರಿಸುವುದೇ ಅರ್ಧ ಕೆಲಸ. 24 ಗಂಟೆಯ ಮೂತ್ರ ಹಿಡಿಯಿರಿ ಎಂದರೆ ನಮ್ಮ ಕಡೆ ಯಾರೂ ಹಿಡಿಯುವುದಿಲ್ಲ. ಹಿಡಿದವರೂ ಮಧ್ಯಾಹ್ನ ಹೊರಗೆ ಹೋಗಿದ್ದನ್ನು ಬಿಟ್ಟೇ ಹಿಡಿದಿರುತ್ತಾರೆ. ಬೆಳಗಿನ ಮೊದಲ ಮೂತ್ರವೇ ಲೇಸು. ಮಂಡಕ್ಕಿ ಭಟ್ಟಿಯ ಕೆಲಸಗಾರರದ್ದನ್ನು ಮೊದಮೊದಲು ಕೆಲಸ ಮುಗಿದ ಮೇಲೆ ತೆಗೆದುಕೊಂಡು 40, 50 ಎಂದು ಬರೆದುಕೊಟ್ಟಿದ್ದೆ. ಅದೇ ಜನರದ್ದು ರಜೆಯ ಮರುದಿನ ಬೆಳಿಗ್ಗೆ ಹತ್ತು, ಹನ್ನೆರಡು ಬಂತು. ಮೈಮುರಿದು ದುಡಿದಾಗ, ಜ್ವರವಿದ್ದಾಗ, ಮೂತ್ರದ ಸೋಂಕಿದ್ದಾಗ, ಮುಟ್ಟಿನ ದಿನಗಳಲ್ಲಿ ತೆಗೆದದ್ದು ಲೆಕ್ಕಕ್ಕಿಲ್ಲ. ಮೂರರಿಂದ ಆರು ತಿಂಗಳೊಳಗಿನ ಮೂರು ಸ್ಯಾಂಪಲ್ಲುಗಳಲ್ಲಿ ಎರಡು 30 ದಾಟಿದರೆ ಮಾತ್ರ ಅದು ಮಾತಾಡುವಂಥದ್ದು.

ಎಲ್ಲರೂ ಆಲ್ಬುಮಿನ್ನಿನ ಕಿಟ್ಟಿನ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ, ನನ್ನನ್ನು ಹೆಚ್ಚು ಕಾಡಿದ್ದು ಅಗ್ಗದ ಕ್ರಿಯಾಟಿನಿನ್. ಅದನ್ನು ಅಳೆಯುವ ಜಾಫೆ ವಿಧಾನಕ್ಕೆ ಮೂತ್ರವನ್ನು 50 ಪಟ್ಟು ತೆಳುವಾಗಿಸಬೇಕು, 20 ಮೈಕ್ರೋಲೀಟರಿಗೆ 980 ನೀರು. ಒಂದು ಕಾಲದಲ್ಲಿ 31, 32, 33ರ ಫಲಿತಾಂಶಗಳು ಸಾಲಾಗಿ ಬರತೊಡಗಿದವು, ಬೆಂಗಳೂರಿನದಕ್ಕೂ ನನ್ನದಕ್ಕೂ ತಾಳೆಯಾಗುತ್ತಿರಲಿಲ್ಲ. ಹನಿಯನ್ನು ಅಳೆದು ಹಾಕುವ ಪಿಪೆಟ್ಟಿನ ಮೇಲೆ ಅನುಮಾನ ಬಂದು ಅದನ್ನು ಚೌಕಿಪೇಟೆಯಲ್ಲಿ ಪರಿಚಯದ ಅಕ್ಕಸಾಲಿಗರ ತಕ್ಕಡಿಗೆ ಒಯ್ದೆ. 20 ಮೈಕ್ರೋಲೀಟರಿನ ಹತ್ತು ಹನಿಗೆ 200 ಮಿಲಿಗ್ರಾಂ ತೂಗಬೇಕಿತ್ತು, ತೂಗಿದ್ದು 170. ಮೂತ್ರ ಕಡಿಮೆ ಬಿದ್ದರೆ ಕ್ರಿಯಾಟಿನಿನ್ ಕಡಿಮೆ, ಅನುಪಾತ ಹೆಚ್ಚು; 27 ಇದ್ದವರನ್ನು 32 ಮಾಡಿ ನಾನು ಹೆದರಿಸುತ್ತಿದ್ದೆ. ಒಳಗಿನ ಓ ರಿಂಗ್ ಸವೆದಿತ್ತು, 60 ರೂಪಾಯಿಯ ಸಾಮಾನು. ಹದಿನಾಲ್ಕು ಜನರನ್ನು ಮತ್ತೆ ಕರೆಸಿ ಪುಕ್ಕಟೆ ಮಾಡಿಕೊಟ್ಟೆ.

ಅಂದು ತಕ್ಕಡಿಯ ಮುಂದೆ ಕೂತಿದ್ದ ಅಕ್ಕಸಾಲಿಗರು, "ಏನಣ್ಣ, ಚಿನ್ನ ತೂಗೋ ತಕ್ಕಡೀಲಿ ನೀರು ತೂಗ್ತೀಯಲ್ಲ, ನನಗೂ ಎಂಟು ವರ್ಷದಿಂದ ಶುಗರ್ ಐತಿ, ನಂದೂ ಒಂದ್ಸಲ ನೋಡು" ಎಂದರು. ಸ್ಟ್ರಿಪ್ ನಿಲ್, ಸೀರಮ್ ಕ್ರಿಯಾಟಿನಿನ್ ಸರಿಯಾಗಿಯೇ ಇತ್ತು. ಎಸಿಆರ್ ಮೊದಲು 70ರ ಹತ್ತಿರ, ತಿಂಗಳ ನಂತರ 28, ಮೂರನೆಯದು 64. ನಕ್ಕಿದ್ದ ಹಿರಿಯ ವೈದ್ಯರ ಬಳಿಗೇ ಮೂರೂ ಕಾಗದ ಕೊಟ್ಟು ಕಳುಹಿಸಿದೆ. ಅವರು ಮಾತಾಡದೆ ಟೆಲ್ಮಿಸಾರ್ಟಾನ್ ಎಂಬ ಬಿಪಿ ಮಾತ್ರೆ ಶುರು ಮಾಡಿ, ಬಿಪಿಯನ್ನು ಬಿಗಿಯಾಗಿ ಹತೋಟಿಗೆ ತಂದು, ಆರು ತಿಂಗಳಿಗೆ ಮತ್ತೆ ಎಸಿಆರ್ ಬರೆದರು. 35 ಬಂತು. ಈಗ ತಿಂಗಳಿಗೊಮ್ಮೆ ಪಿಪೆಟ್ ಹಿಡಿದು ಹೋದರೆ ಅವರು ಚಿನ್ನದ ಕೆಲಸ ಪಕ್ಕಕ್ಕಿಟ್ಟು ತಕ್ಕಡಿ ಬಿಟ್ಟುಕೊಡುತ್ತಾರೆ.