ಎರಡಕ್ಷರದ ಪದಗಳ ಬೇರು ಹಿಡಿದದ್ದು: ನನ್ನ ಅನುಭವ

ಉದ್ದ ಪದದ ಮೂಲ ಹುಡುಕುವುದು ದೊಡ್ಡ ಮಾತಲ್ಲ, ತಂಟೆಯೆಲ್ಲ ಎರಡಕ್ಷರದ ಪದಗಳದ್ದು. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಎಲ್ಲದರಲ್ಲೂ ಅದೇ ಉಚ್ಚಾರ ಸಿಗುತ್ತದೆ. "ಸಣ್ಣ ಪದಕ್ಕ ಮೂಲ ಹೇಳೂದಂದ್ರ ಗಾಳ್ಯಾಗ ಗುಂಡು ಹಾರಿಸಿದಂಗ" ಎಂದು ಧಾರವಾಡದ ಬಲ್ಲವರೇ ಅಂದಿದ್ದರು. ಈಗ ಹುಬ್ಬಳ್ಳಿ-ಧಾರವಾಡದ ಆಡುಮಾತಿನ ಸುಮಾರು 400 ಗಿಡ್ಡ ಪದಗಳು ಮೂಲ ಬರೆದಿಡುವ ಚೀಟಿಗೆ ಬಂದಿವೆ. ಮುಕ್ಕಾಲು ಪಾಲು ತಕರಾರಿಲ್ಲದೆ ಕೂತಿವೆ, ಅಂದವರೇ ಬಂದು ನೋಡಿ ಒಪ್ಪಿದ್ದಾರೆ.

ಚೀಟಿಯನ್ನು ಕಾಗುಣಿತಕ್ಕೊಂದರಂತೆ ಮಾಡಿದರೆ ಕೆಲಸ ಅಲ್ಲೇ ಕೆಡುತ್ತದೆ, ಅರ್ಥಕ್ಕೊಂದು ಬೇಕು. ‘ಪಾವ್’ ತಗೊಳ್ಳಿ. ಸಂತೆಯ ‘ಪಾವ್ ಕಿಲೋ ಬದನಿಕಾಯಿ’ಯ ಪಾವ್ ಸಂಸ್ಕೃತದ ‘ಪಾದ’, ನಾಲ್ಕರಲ್ಲೊಂದು ಪಾಲು. ಹಿಂದಿಯಲ್ಲಿ ಕಾಲಿಗೆ ಹೇಳುವ ‘ಪಾಂವ್’ ಕೂಡ ಅದೇ ಪಾದ. ಭಾಜಿ ಜೋಡಿ ಬರುವ ಪಾವ್ ಪೋರ್ಚುಗೀಸರದು, ಅದರ ಹಿಂದೆ ಲ್ಯಾಟಿನ್ನಿನ ‘ಪಾನಿಸ್’. ಹಳಗನ್ನಡದ ‘ಪಾವು’ ಈಗಿನ ಹಾವು, ತಮಿಳಿನ ಪಾಂಬು. ಪದ ನಾಲ್ಕು, ಬೇರು ಮೂರು. ನಾಲ್ಕು ತುಂಡು ಕೂಡಿಸಿ ಮಾರುವುದರಿಂದ ಬ್ರೆಡ್ಡಿಗೆ ಪಾವ್ ಎಂಬ ಹೆಸರು ಬಂತೆಂಬ ಕಥೆ ನಂಬಬೇಡಿ. ಗೋವಾದಲ್ಲಿ ಬಿಡಿಯಾಗಿ ಕೊಂಡರೂ ಅದು ಪಾವೇ.

ಹೆಚ್ಚು ಜನ ಮುಗ್ಗರಿಸುವುದು ಮುಂದಿನ ಹೆಜ್ಜೆಯಲ್ಲಿ. ಹೊರಗಿನ ಭಾಷೆ ನೋಡುವ ಮೊದಲು ನಮ್ಮ ಪದವನ್ನು ಹಳೆಯ ರೂಪಕ್ಕೆ ಒಯ್ಯಬೇಕು. ನಮ್ಮ ಕಡೆ ಕೊನೆಯ ಎಕಾರ ಇಕಾರವಾಗುತ್ತದೆ. ಹಾಗಾಗಿ ಹುಬ್ಬಳ್ಳಿ ಬಾಯಲ್ಲಿ ‘ಕರಿ’ ಎಂದರೆ ಕೂಗು, ಎಣ್ಣೆಯಲ್ಲಿ ಹಾಕಿ ಬೇಯಿಸು, ಕಪ್ಪು. ಕಾವ್ಯದಲ್ಲಾದರೆ ಆನೆ, ಅದು ಸಂಸ್ಕೃತದ ‘ಕರ’ದಿಂದ. ಕೂಗುವ ಕರಿಯನ್ನು ‘ಕರೆ’ ಎಂದು ತಿದ್ದಿದ ಕೂಡಲೇ ಒಂದು ಗಂಟು ಬಿಚ್ಚಿಕೊಳ್ಳುತ್ತದೆ. ‘ಮನಿ’ಯೂ ಹಾಗೇ. ಅದು ಮನೆ, ತಮಿಳಿನ ‘ಮನೈ’. ದುಡ್ಡು ಎಂಬರ್ಥದ ಇಂಗ್ಲಿಷಿನ ‘ಮನಿ’ ಲ್ಯಾಟಿನ್ನಿನ ‘ಮೊನೇಟಾ’ದ ವಂಶ.

ಆಮೇಲೆ ಸಾಲುಗಳು, ಅಂದರೆ ಒಂದೇ ಅರ್ಥದ ತಮಿಳು-ಕನ್ನಡ ಜೋಡಿಗಳಲ್ಲಿ ಮತ್ತೆಮತ್ತೆ ಕಾಣುವ ಒಂದೇ ಬದಲಾವಣೆ. ಪಾಲ್-ಹಾಲು, ಪಲ್-ಹಲ್ಲು, ವಾ-ಬಾ, ವೇರ್-ಬೇರು, ಚೆವಿ-ಕಿವಿ, ಚೇರಿ-ಕೇರಿ. ತಮಿಳಿನ ಪ, ವ, ಚ ಇದ್ದಲ್ಲಿ ಇವುಗಳಲ್ಲಿ ನಮಗೆ ಹ, ಬ, ಕ. ನನ್ನ ಕಟ್ಟಳೆ ಇಷ್ಟು: ಎರಡಕ್ಷರದ ಪದಕ್ಕೆ ಅದೇ ಬದಲಾವಣೆ ತೋರಿಸುವ ಬೇರೆ 3 ಜೋಡಿ ಸಾಕ್ಷಿ, ಒಂದಕ್ಷರದ್ದಕ್ಕೆ 5. ಪದ ಗಿಡ್ಡಾದಷ್ಟೂ ಸಾಕ್ಷಿ ಹೆಚ್ಚಬೇಕು. ‘ಹೂ’ ಪರೀಕ್ಷಿಸಿ. ಹಳೆಯ ರೂಪ ‘ಪೂ’, ತಮಿಳಿನಲ್ಲೂ ಪೂ, ಐದು ಜೋಡಿ ಕೂತಲ್ಲೇ ಸಿಗುತ್ತವೆ. ಹಿಂದಿಯ ‘ಫೂಲ್’ ಎಷ್ಟು ಹತ್ತಿರ ಕಂಡರೂ ಹಿಂದಿ-ಕನ್ನಡದ ನಡುವೆ ಅಂಥ ಸಾಲೇ ಇಲ್ಲ. ಅದು ಸಂಸ್ಕೃತದ ‘ಫುಲ್ಲ’.

ದುಡ್ಡು ಹಾಳಾದದ್ದು ಕಿಟೆಲ್‌ರ ಕನ್ನಡ-ಇಂಗ್ಲಿಷ್ ನಿಘಂಟಿನ (1894) ಮೇಲೆ. ಪುಟಗಳನ್ನು ಸ್ಕ್ಯಾನ್ ಮಾಡಿ ಸಾಫ್ಟ್‌ವೇರಿಗೆ ಓದಿಸಿದರೆ ಹಳಗನ್ನಡದ ಅಕ್ಷರಗಳಾದ ೞ, ಱ ಎರಡೂ ಕೆಡುತ್ತವೆ. ಸ್ಕ್ಯಾನಿಂಗಿಗೂ ತಿದ್ದುವವರಿಗೂ ಸೇರಿ 3,000 ರೂಪಾಯಿಯಷ್ಟು ನೀರಿಗೆ ಹೋಯಿತು. ತಿದ್ದುವವರು ೞ ಕಂಡಲ್ಲೆಲ್ಲ ಳ ಬರೆದರೆ ‘ಬಾೞ್’ (ಬದುಕು), ‘ಬಾಳ್’ (ಖಡ್ಗ) ಎರಡೂ ಒಂದೇ ಚೀಟಿಗೆ ಬೀಳುತ್ತವೆ. ತಮಿಳಿನಲ್ಲಿ ಇವು ಇಂದಿಗೂ ಬೇರೆಬೇರೆ. ಕೊನೆಗೆ ಕೈಯಿಂದಲೇ ಬರೆದುಕೊಂಡದ್ದು ಸರಿಹೋಯಿತು. ಬರೋ-ಎಮನೋ ದ್ರಾವಿಡ ನಿಘಂಟು, ಟರ್ನರನ ಇಂಡೋ-ಆರ್ಯನ್ ನಿಘಂಟು ಎರಡೂ ಶಿಕಾಗೊ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅವಕ್ಕೆ ಪೈಸೆ ಖರ್ಚು ಮಾಡಬೇಡಿ.

ನಡುವೆ ಒಂದು ಪ್ರಯೋಗ ಮಾಡಿದೆ, ಬಹಳ ಛಲೋ ಆಯಿತು. ಕನ್ನಡ, ಜಪಾನಿ ಎರಡರ 100 ಮೂಲಪದಗಳನ್ನು (ನೀರು, ಕಲ್ಲಿನಂಥ ದಿನಬಳಕೆಯವು) ಅರ್ಥಕ್ಕರ್ಥ ಎದುರುಬದುರು ಬರೆದು, ಮೊದಲ ವ್ಯಂಜನ ಕೂಡಿದವನ್ನು ಎಣಿಸಿದೆ. ಏಳೆಂಟು ಬಂದವು. ಆಮೇಲೆ ಒಂದು ಪಟ್ಟಿಯನ್ನು ಒಂದು ಸಾಲು ಕೆಳಗೆ ಜಾರಿಸಿ, ನೀರಿನ ಎದುರು ಕಲ್ಲು ಬರುವಂತೆ ಮಾಡಿ ಎಣಿಸಿದರೂ ಏಳೆಂಟೇ! ಅರ್ಥಕ್ಕೆ ಸಂಬಂಧವೇ ಇಲ್ಲದೆ ಅಷ್ಟು ಕೂಡುತ್ತವೆ ಎಂದರೆ ಅದು ಬರೀ ಆಕಸ್ಮಿಕದ ಪಾಲು. ತಮಿಳಿನ ಪಟ್ಟಿಗೆ ಹೀಗೇ ಮಾಡಿದರೆ, ಪಾಲ್-ಹಾಲು ಥರದ ಸಾಲುಗಳ ಲೆಕ್ಕ ಹಿಡಿದು 60ರ ಸುಮಾರು ಇದ್ದದ್ದು ಹತ್ತರ ಒಳಗೆ ಕುಸಿಯುತ್ತದೆ. ಯಾರಾದರೂ ಹೊಸ ಭಾಷೆ ಜೋಡಿಸಿ ತಂದರೆ ಮೊದಲು ಪಟ್ಟಿ ಜಾರಿಸಲು ಹೇಳುತ್ತೇನೆ.

ಅಪ್ಪ, ಅವ್ವ, ಅಮ್ಮಗಳನ್ನು ಈ ಲೆಕ್ಕಕ್ಕೆ ತಗೊಳ್ಳಲೇಬೇಡಿ. ಕೂಸಿನ ಬಾಯಿಗೆ ಸುಲಭದ ಉಚ್ಚಾರ ಎಲ್ಲ ಕಡೆ ಒಂದೇ. ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ, ‘ದೇದಾ’ ತಾಯಿ.

ಆಕಸ್ಮಿಕದ ಪೆಟ್ಟಿಗೆಯಲ್ಲಿ ನನಗೆ ಪ್ರೀತಿಯ ಚೀಟಿ ‘ಬಸ್’. ‘ಬಸ್, ಸಾಕು’ ಎನ್ನುವಾಗಿನದು ಪಾರಸಿ. ನಿಲ್ದಾಣದ ಬಸ್ಸು ‘ಎಲ್ಲರಿಗಾಗಿ’ ಎಂಬರ್ಥದ ಲ್ಯಾಟಿನ್ ‘ಓಮ್ನಿಬುಸ್’ನ ಬಾಲ. ಆ ಬಾಲ ಬರೀ ವಿಭಕ್ತಿಯ ತುದಿ, ಧಾತುವೇ ಅದರಲ್ಲಿಲ್ಲ. ‘ಕೀಲಿ’ಗೂ ಇಂಗ್ಲಿಷ್ ‘ಕೀ’ಗೂ ನಂಟಿಲ್ಲ, ಅದು ಗೂಟ ಎಂಬರ್ಥದ ಸಂಸ್ಕೃತ ‘ಕೀಲ’. ಬದನಾಮಿಯ ‘ಬದ್’ ಇಂಗ್ಲಿಷಿನ ‘ಬ್ಯಾಡ್’ ಅಲ್ಲ.

ಹೋಲದೇ ಇದ್ದೂ ಒಂದೇ ಆದವಕ್ಕೆ ಬೇರೆ ಪೆಟ್ಟಿಗೆ ಇದೆ. ನಮ್ಮ ‘ಚಾ’, ಬೆಂಗಳೂರು ಕಡೆಯ ‘ಟೀ’ ಎರಡೂ ಚೀನಾದ ಒಂದೇ ಪದ. ಚೀನಾ ಕರಾವಳಿಯ ಮಿನ್ ಉಪಭಾಷೆಯ ‘ತೆ’ ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋಗಿ ಇಂಗ್ಲಿಷಿನ ಮೂಲಕ ನಮಗೆ ಬಂತು. ಉಳಿದ ಚೀನೀ ಭಾಷೆಗಳ ‘ಚಾ’ ಬೇರೆ ದಾರಿ ಹಿಡಿಯಿತು, ನೆರೆಯ ಮರಾಠಿಯಲ್ಲಿ ಅದು ‘ಚಹಾ’. ಪದ ಬಂದ ದಾರಿ ಗುರುತಿಸಲು ದರ್ಜಿ, ಬಡಿಗರ ಪದಪಟ್ಟಿಗಳನ್ನು ನಾನು ಬೇರೆಯೇ ಕ್ರಮದಲ್ಲಿ ಜೋಡಿಸಿಕೊಂಡಿದ್ದೇನೆ. ಆ ಕ್ರಮವನ್ನು ಇಲ್ಲಿ ಬಿಚ್ಚುವುದಿಲ್ಲ, ಇನ್ನೂ ಕಾಲು ಪಾಲು ಚೀಟಿ ಅದರ ಮೇಲೆಯೇ ನಿಂತಿವೆ.