ರ‍್ಯಾಂಬೊನನ್ನು ಎಣಿಸಿ ಓದಿದ್ದು

ಆರ್ಥರ್ ರ‍್ಯಾಂಬೊ ಎಂಬ ಫ್ರೆಂಚ್ ಕವಿಯ ಹೆಸರೆತ್ತಿದೊಡನೆ ಜನ ಮಾತಾಡುವುದು ಮನೆ ಬಿಟ್ಟು ಓಡಿದ ಹುಡುಗನ ಬಗ್ಗೆ, 1873ರಲ್ಲಿ ಬ್ರಸೆಲ್ಸ್‌ನಲ್ಲಿ ಗೆಳೆಯ, ಕವಿ ವೆರ್ಲೇನ್ ಹಾರಿಸಿದ ಗುಂಡಿನ ಬಗ್ಗೆ, ಕವಿತೆ ತೊರೆದು ಆಫ್ರಿಕಾದ ಹರಾರ್‌ನಲ್ಲಿ ನಡೆಸಿದ ವ್ಯಾಪಾರದ ಬಗ್ಗೆ. ಇವೆಲ್ಲ ನಿಜವೇ. ಆದರೆ ಅವನ ಬಂಡಾಯ ಸಾಲಿನೊಳಗೆ ಎಲ್ಲಿದೆ ಎಂಬುದು ನನಗೆ ಬೇಕಿತ್ತು. ಅದಕ್ಕೆ ಹಿಡಿದ ದಾರಿ, ಅಕ್ಷರ ಎಣಿಸುವುದು.

ಫ್ರೆಂಚ್ ಕಾವ್ಯದ ಪಟ್ಟದ ಛಂದಸ್ಸು ಅಲೆಕ್ಸಾಂಡ್ರೀನ್. ಸಾಲಿಗೆ 12 ಅಕ್ಷರ, ಆರರ ನಂತರ ಯತಿ, ಅಂದರೆ ನಿಲುಗಡೆ. ಮಾತಿನಲ್ಲಿ ನುಂಗಿಹೋಗುವ ಪದಾಂತ್ಯದ ‘ಎ’ಕಾರವನ್ನೂ, ಮುಂದೆ ವ್ಯಂಜನ ಬಂದರೆ, ಲೆಕ್ಕಕ್ಕೆ ಹಿಡಿಯಬೇಕು, ಇದು ರೂಢಿಯಾಗುವವರೆಗೆ ಯಾವ ಸಾಲೂ ಹನ್ನೆರಡಕ್ಕೆ ಕೂಡುವುದಿಲ್ಲ. ಹಿಂದಿನ ಕವಿಗಳನ್ನು, ಮೊದಲು ಹ್ಯೂಗೊ, ಆಮೇಲೆ ಬೋದಿಲೇರ್ ಎಂದು ಕಾಲಕ್ರಮದಲ್ಲಿ ಓದುತ್ತ, ಆರನೆಯ ಅಕ್ಷರದ ಮುಂದೆ ಪೆನ್ಸಿಲಿನ ಗೆರೆ ಎಳೆಯುತ್ತ ಹೋದೆ. ಈ ಛಂದಸ್ಸಿನ ಕೀಲು ತಪ್ಪಿಸಿದವನು ತಾನೇ ಎಂದು ಹ್ಯೂಗೊ ಕೊಚ್ಚಿಕೊಂಡಿದ್ದಾನೆ. ಆದರೂ ನಾನು ಓದಿದ ಅವನ ಸಾಲುಗಳಲ್ಲಿ ಆ ಗೆರೆ ಪದಗಳ ನಡುವೆಯೇ ಬೀಳುತ್ತಿತ್ತು.

ರ‍್ಯಾಂಬೊನ ‘ಅಮಲೇರಿದ ದೋಣಿ’ಗೆ (1871) ಬಂದಾಗ ಗೆರೆ ಒಂದು ಪದದ ಹೊಟ್ಟೆಯನ್ನೇ ಸೀಳಿತು. ಅದೂ ಎಂಥ ಪದ! ಕಟ್ಟು ಕಳಚಿಕೊಂಡು ತೇಲಿಹೋಗುವ ‘ಪರ್ಯಾಯದ್ವೀಪಗಳು’. ನೆಲದಿಂದ ಕಿತ್ತ ದ್ವೀಪದಂತೆ ಪದದ ಮೊದಲಕ್ಷರ ಗೆರೆಯ ಈಚೆ, ಉಳಿದದ್ದು ಆಚೆ. ನಮ್ಮ ಚಂಪೂಕವಿಗಳು ಯತಿಯನ್ನು ಲೆಕ್ಕಿಸದೆಯೇ ವೃತ್ತಗಳನ್ನು ಬರೆದವರು, ಹಾಗಾಗಿ ಕನ್ನಡದ ಕಿವಿಗೆ ಇದು ಅಪರಾಧವೆನಿಸುವುದಿಲ್ಲ. ಹ್ಯೂಗೊ, ಬೋದಿಲೇರರ ಲಯ ಕಿವಿಯಲ್ಲಿ ಕುಳಿತ ಮೇಲೆ ಓದಿದರೆ ಮಾತ್ರ ಏಟು ತಗುಲುತ್ತದೆ.

ಇದು ಹುಡುಗಾಟವಾಗಿರಲಿಲ್ಲ. 1870ರ ಆಗಸ್ಟ್‌ನಲ್ಲಿ, ಹದಿನೈದರ ವಯಸ್ಸಿನಲ್ಲಿ, ತನ್ನ ಮೇಷ್ಟ್ರು ಇಜಾಂಬಾರ್‌ಗೆ ಬರೆದ ಪತ್ರದಲ್ಲಿ ವೆರ್ಲೇನ್ ಹೀಗೆಯೇ ಪದ ಒಡೆದ ಸಾಲೊಂದನ್ನು ಅವನು ಎತ್ತಿ ತೋರಿಸಿದ್ದ. ಮರುವರ್ಷದ ಮೇ 15ರ ಪತ್ರದಲ್ಲಿ ಬೋದಿಲೇರನನ್ನು ಮೊದಲ ದ್ರಷ್ಟಾರ, ಕವಿಗಳ ರಾಜ ಎಂದು ಹೊಗಳಿ, ಬೆನ್ನಿಗೇ ಅವನ ಕಾವ್ಯರೂಪ ಕ್ಷುದ್ರವೆಂದ. ಎಣಿಸದೆ ಓದಿದರೆ ಅದು ಬರೀ ಉದ್ಧಟತನ. ಎಣಿಸಿದ ಮೇಲೆ, ಅದು ಕಸುಬುದಾರನೊಬ್ಬ ಇನ್ನೊಬ್ಬ ಕಸುಬುದಾರನ ಕೆಲಸದ ಮೇಲೆ ಹೇಳಿದ ತೀರ್ಪಿನಂತೆ ನನಗೆ ಕೇಳಿಸುತ್ತದೆ.

ಫ್ರೆಂಚ್ ಮುಕ್ತಛಂದದ ಮೊದಲ ಮಾದರಿಗಳಲ್ಲಿ ಎಣಿಸುವ ಅವನ ‘ಮರೀನ್’ ಅಚ್ಚಾದದ್ದು 1886ರಲ್ಲಿ, ‘ಲಾ ವೋಗ್’ ಪತ್ರಿಕೆಯಲ್ಲಿ. ಅವನಾಗಲೇ ಆಫ್ರಿಕಾದ ವ್ಯಾಪಾರಿ. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಲಾಫೋರ್ಗ್‌ನ ಮುಕ್ತಛಂದದ ಕವಿತೆಗಳೂ ಬಂದವು. ಈಗ ಅವನ್ನು ಓದುತ್ತಿದ್ದೇನೆ. ಇಲ್ಲಿ ಹನ್ನೆರಡರ ಲೆಕ್ಕ ನಡೆಯುವುದಿಲ್ಲ; ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಟ್ಟಿಯಾಗಿ ಓದಿಯೇ ಗುರುತಿಸಬೇಕು.