ಅಡಿಕೆಗೆ ಒಂದು, ದೋಣಿಗೆ ಒಂದು

ಬೆಳಿಗ್ಗೆ ಆರೂವರೆಗೆ ಹಾಲಿನ ಸೊಸೈಟಿಯ ಬಾಗಿಲು ತೆಗೆಯುವ ಹೊತ್ತಿಗೆ, ಅಲ್ಲಿಯ ಬೋರ್ಡಿನಲ್ಲಿ ಆ ದಿನದ ಹವೆ ಬರೆಯಲು ನಾನು ಸೀಮೆಸುಣ್ಣ ಹಿಡಿದು ಅಲ್ಲಿರುತ್ತೇನೆ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಇದೇ ನನ್ನ ದಿನಚರಿ. ಮರವಂತೆ ಹತ್ತಿರದ ನಮ್ಮೂರಿನಲ್ಲಿ ಹೆದ್ದಾರಿಯ ಪಡುಬದಿಗೆ ಕಡಲು, ಮೂಡುಬದಿಗೆ ಸೌಪರ್ಣಿಕಾ ಹೊಳೆ, ಹೊಳೆಯಾಚೆ ಅಡಿಕೆ ತೆಂಗಿನ ತೋಟ. ಹಾಲು ಹಾಕಲು ಬಂದವರದು ಎರಡೇ ಪ್ರಶ್ನೆ. "ಅಡ್ಕಿ ಹರ್ಗುಕೆ ಅಡ್ಡಿಲ್ಯಾ ಮಾಷ್ಟ್ರೆ?" ಒಂದು, ಅಡಿಕೆಯನ್ನು ಬಿಸಿಲಿಗೆ ಹರಡಬಹುದೇ ಎಂದು. "ದೋಣಿ ಇಳ್ಸುಕೆ ಅಡ್ಡಿಲ್ಯಾ?" ಇನ್ನೊಂದು. ಶುರುವಿನ ವರ್ಷ ಎರಡಕ್ಕೂ ಸೇರಿಸಿ ಒಂದೇ ಸಾಲು ಬರೆಯುತ್ತಿದ್ದೆ. ಈಗ ಬೋರ್ಡಿನ ನಡುವೆ ಬಣ್ಣದಲ್ಲಿ ಗೆರೆ ಎಳೆಸಿದ್ದೇನೆ. ಎಡಕ್ಕೆ ನೆಲ, ಬಲಕ್ಕೆ ಕಡಲು.

ಆ ಗೆರೆ ಬಂದದ್ದು ಒಂದು ತಪ್ಪಿನಿಂದ. ಏಪ್ರಿಲ್ ಕೊನೆಯ ವಾರ, ಅಮಾವಾಸ್ಯೆಯ ಮಾರನೆಯ ದಿನ. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ, ತೆಂಗಿನ ಗರಿ ಅಲುಗುತ್ತಿರಲಿಲ್ಲ. "ಒಣ ಹವೆ, ಕಡಲು ಶಾಂತ" ಎಂದು ಬರೆದು ಮನೆಗೆ ಬಂದೆ. ಮಧ್ಯಾಹ್ನ ಉಬ್ಬರದ ಹೊತ್ತಿಗೆ ತೆರೆ ಕಲ್ಲಿನ ತಡೆಗೋಡೆ ಹತ್ತಿ ರಸ್ತೆಯ ಅಂಚಿಗೆ ಬಂತು. ದಂಡೆಯಲ್ಲಿ ಒಣಹಾಕಿದ್ದ ಬಲೆಗಳು ಮರಳಿನಡಿ ಸೇರಿದವು, ಒಣಮೀನು ಹರಡಿದ್ದ ಹೆಂಗಸರು ಬುಟ್ಟಿ ಹಿಡಿದು ಓಡಿದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೂರು ದಿನ ಕೂತು ಬಲೆಯ ಸಿಕ್ಕು ಬಿಡಿಸಿದ. ನಾನು ಹತ್ತಿರ ಹೋಗಿ ನಿಂತಾಗ ಬೈಯಲಿಲ್ಲ. "ಗಾಳಿಯೇ ಇರ್ಲಿಲ್ಲೆ ಅಲ್ದಾ ಮಾಷ್ಟ್ರೆ" ಎಂದಷ್ಟೇ ಹೇಳಿದ. ಆ ಮಾತು ನನ್ನನ್ನು ರಾತ್ರಿಯೆಲ್ಲ ಕಾಡಿತು. ಗಾಳಿ ಇಲ್ಲದೆ ತೆರೆ ಎಲ್ಲಿಂದ ಬಂತು?

ಬಂದದ್ದು ದಕ್ಷಿಣ ಹಿಂದೂ ಮಹಾಸಾಗರದಿಂದ. ನಮಗೆ ಬೇಸಗೆ ಏರುವಾಗ ಅಲ್ಲಿ, ಸಮಭಾಜಕದಾಚೆ 40 ಡಿಗ್ರಿ ಅಕ್ಷಾಂಶಕ್ಕೂ ಕೆಳಗೆ, ಚಳಿಗಾಲದ ಬಿರುಗಾಳಿಗಳು ಬಲಿಯತೊಡಗುತ್ತವೆ. ಅವು ಎಬ್ಬಿಸಿದ ಉದ್ದನೆಯ ತೆರೆಗಳು ಬಡಗು ಮುಖವಾಗಿ ಹೊರಟು ಸುಮಾರು 6,000 ಕಿ.ಮೀ. ದಾಟಿ ನಮ್ಮ ದಂಡೆಗೆ ಬಡಿಯುತ್ತವೆ. ಹದಿನೆಂಟು ಸೆಕೆಂಡಿನ ಅಂತರದ ತೆರೆಗಳ ಗುಂಪು ದಿನಕ್ಕೆ ಸುಮಾರು 1,200 ಕಿ.ಮೀ. ಸಾಗುತ್ತದೆ. ಲೆಕ್ಕ ಹಾಕಿದರೆ ಐದು ದಿನದ ಹಾದಿ. ಅವನ್ನು ಎಬ್ಬಿಸಿದ ಬಿರುಗಾಳಿ ನಮ್ಮ ಆಕಾಶದಲ್ಲಿ ಗುರುತು ತೋರಿಸುವುದೇ ಇಲ್ಲ. ಕೇರಳದ ಮೀನುಗಾರರು ಇದಕ್ಕೆ 'ಕಳ್ಳಕ್ಕಡಲ್' ಎನ್ನುತ್ತಾರೆ. ನಮ್ಮ ಭಾಷೆಯಲ್ಲೂ ಅದೇ ಅರ್ಥ, ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. ಕಡಲಿನ ಸ್ಥಿತಿಯ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅದೇ ಹೆಸರಿನಲ್ಲಿ ಎಚ್ಚರಿಕೆ ಕೊಡುತ್ತದೆ. 2024ರ ಮೇ ಮೊದಲ ವಾರ ಕೇರಳ, ತಮಿಳುನಾಡು ಕರಾವಳಿಗೆ ಕೊಟ್ಟದ್ದನ್ನು ಅನೇಕರು ಓದಿರಬಹುದು.

ಹಾಗಾಗಿ ಬಲಗಡೆಯ ಅಂಕಣ ತುಂಬುವಾಗ ನಾನು ಆಕಾಶ ನೋಡುವುದಿಲ್ಲ. ಮೊದಲು ಇನ್‌ಕಾಯಿಸ್ ಮುನ್ಸೂಚನೆಯಲ್ಲಿ ತೆರೆಯ ಎತ್ತರಕ್ಕಿಂತ ತೆರೆಗಳ ನಡುವಿನ ಸಮಯ ನೋಡುತ್ತೇನೆ. ಮಧ್ಯಾಹ್ನದ ಪಡುಗಾಳಿ ಎಬ್ಬಿಸುವ ತೆರೆ ನಾಲ್ಕೈದು ಸೆಕೆಂಡಿಗೊಂದು ಬರುತ್ತದೆ, ಅದು ಗದ್ದಲ ಮಾಡುವುದೇ ಹೆಚ್ಚು. ಹದಿನೈದು ದಾಟಿದ್ದರೆ, ಎತ್ತರ ಒಂದೇ ಮೀಟರ್ ಎಂದಿದ್ದರೂ ಹಗುರವಾಗಿ ನೋಡುವಂತಿಲ್ಲ. ಅಂಥ ತೆರೆ ದಡಕ್ಕೆ ಬಂದಾಗ ಮೇಲೇಳುತ್ತದೆ, ಬಹಳ ಒಳಗೆ ನುಗ್ಗುತ್ತದೆ, ಹಿಂದೆ ಸರಿಯುವಾಗ ಸಿಕ್ಕಿದ್ದನ್ನು ಎಳೆದೊಯ್ಯುತ್ತದೆ. ಇನ್ನೊಂದು ವಿಷಯ ದೋಣಿಯವರಿಗೆ ಮತ್ತೆ ಮತ್ತೆ ಹೇಳುತ್ತೇನೆ. ಮುನ್ಸೂಚನೆಯಲ್ಲಿರುವ ಎತ್ತರ ಅತಿ ದೊಡ್ಡ ತೆರೆಯದಲ್ಲ. ಎಲ್ಲ ತೆರೆಗಳಲ್ಲಿ ದೊಡ್ಡ ಮೂರನೇ ಒಂದು ಪಾಲಿನ ಸರಾಸರಿ ಅದು. ನಡುನಡುವೆ ಒಂದು ತೆರೆ ಅದರ ಹತ್ತಿರ ಹತ್ತಿರ ಎರಡು ಪಟ್ಟು ಎದ್ದೀತು.

ಫೋನಿನಲ್ಲಿ ನೋಡಿದ್ದು ಸಾಲದು. ಬೆಳಕು ಹರಿಯುತ್ತಲೇ ತಡೆಗೋಡೆಯ ತುದಿಗೆ ಹೋಗುತ್ತೇನೆ. ಅಲ್ಲೊಂದು ಕಪ್ಪು ಬಂಡೆ ಅರ್ಧ ಮುಳುಗಿದೆ. ತೆರೆಯ ನೆತ್ತಿ ಅದನ್ನು ಮುಟ್ಟಿದಾಗ ಗಡಿಯಾರ ಒತ್ತಿ, ಮುಂದೆ ಹತ್ತು ನೆತ್ತಿ ದಾಟುವವರೆಗೆ ಎಣಿಸುತ್ತೇನೆ. ಐವತ್ತು ಅರವತ್ತು ಸೆಕೆಂಡಿಗೆ ಮುಗಿದರೆ ಅದು ಇಲ್ಲಿಯದೇ ಗಾಳಿಯ ತೆರೆ. ಒಮ್ಮೆ 165 ಸೆಕೆಂಡ್ ಬಂತು. ನೀರು ಕನ್ನಡಿಯ ಹಾಗಿತ್ತು, ಬಂಡೆಯ ಪಾಚಿ ಮಾತ್ರ ಮೆಲ್ಲಗೆ ಮುಳುಗಿ ಮೆಲ್ಲಗೆ ಏಳುತ್ತಿತ್ತು. ಹುಣ್ಣಿಮೆಗೆ ಎರಡು ದಿನ ಇತ್ತು, ಉಬ್ಬರ ಹೆಚ್ಚು ಏರುವ ಕಾಲ. "ಬಲೆ, ಮೀನು ಮೇಲೆ ತನ್ನಿ. ದೋಣಿ ಎಳೆದು ಕಟ್ಟಿ. ಮಕ್ಕಳನ್ನು ದಂಡೆಗೆ ಬಿಡಬೇಡಿ" ಎಂದು ಬರೆದೆ. ಉಬ್ಬರದ ಹೊತ್ತಿಗೆ ನೀರು ತಡೆಗೋಡೆಯ ನೆತ್ತಿ ಮುಟ್ಟಿ ಹೋಯಿತು, ದಂಡೆ ಖಾಲಿಯಿತ್ತು. ನನ್ನ ಮಟ್ಟಿಗೆ ಅದು ದೊಡ್ಡ ದಿನ.

ನೆಲದ ಅಂಕಣಕ್ಕೆ ಬೇರೆಯೇ ಕಣ್ಣು ಬೇಕು. ಮಾರ್ಚ್‌ನಲ್ಲಿ ನಾನು ಕಾಯುವುದು ಕಡಲಗಾಳಿಯನ್ನು. ಅದು ಹನ್ನೊಂದರ ಸುಮಾರಿಗೆ ಬಂದುಬಿಟ್ಟರೆ ಬಿಸಿಲು ಸಹಿಸುವಂತಿರುತ್ತದೆ. ಘಟ್ಟದಿಂದಿಳಿಯುವ ಒಣ ಮೂಡುಗಾಳಿ ಬಲವಾಗಿದ್ದ ದಿನ ಕಡಲಗಾಳಿ ಮಧ್ಯಾಹ್ನ ಒಂದು ಗಂಟೆಯಾದರೂ ಒಳಬರುವುದಿಲ್ಲ, ಅಷ್ಟರಲ್ಲಿ ಪಾದರಸ ಏರಿಬಿಡುತ್ತದೆ. ಹವಾಮಾನ ಇಲಾಖೆ ಬಿಸಿಗಾಳಿ ಎಂದು ಸಾರಲು ಬಯಲುಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ಬೇಕು, ಕರಾವಳಿಗೆ 37 ಸಾಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. ಘಟ್ಟದ ಮೇಲಿನ ನೆಂಟರು "ಮೂವತ್ತೇಳಕ್ಕೆಲ್ಲ ಹೆದರ್ತೀರಾ" ಎನ್ನುತ್ತಾರೆ. ಇಲ್ಲಿಯ ತೇವದಲ್ಲಿ ಬೆವರು ಆರುವುದೇ ಇಲ್ಲ. ತೆಂಗಿನ ಮರ ಹತ್ತುವವರಿಗೆ ಅಂಥ ದಿನ "ಹತ್ತು ಗಂಟೆಯೊಳಗೆ ಇಳಿಯಿರಿ" ಎಂದೇ ಬರೆಯುತ್ತೇನೆ.

ಏಪ್ರಿಲ್ ನಡುವಿನಿಂದ ಕೊಡಚಾದ್ರಿಯ ಕಡೆ ನೋಡುವ ಕಾಲ. ಮಧ್ಯಾಹ್ನ ಎರಡಕ್ಕೆ ಅದರ ಮೇಲೆ ಹೂಕೋಸಿನಂಥ ಮೋಡ ಎದ್ದು, ನಾಲ್ಕಕ್ಕೆ ತಲೆ ಚಪ್ಪಟೆಯಾದರೆ ಸಂಜೆ ಗುಡುಗು ಸಿದ್ಧ. ಆದರೆ ಅದು ನಮ್ಮಲ್ಲಿಗೆ ಇಳಿದು ಬರುತ್ತದೋ, ಕೊಲ್ಲೂರಿನಲ್ಲೇ ಸುರಿದು ಮುಗಿಯುತ್ತದೋ ಎಂಬುದು ಬೆಳಿಗ್ಗೆ ಗೊತ್ತಾಗುವ ಸಂಗತಿಯಲ್ಲ. ಇಲಾಖೆಯ ಪ್ರಕಟಣೆಯ ಮಾತುಗಳಿಗೆ ಅಳತೆ ಇದೆ ಎಂದು ತಿಳಿದ ಮೇಲೆ ನನಗೆ ತುಂಬ ಅನುಕೂಲವಾಯಿತು. 'ಒಂದೆರಡು ಕಡೆ' ಎಂದರೆ ಆ ಭಾಗದ ಮಳೆ ಅಳೆಯುವ ಕೇಂದ್ರಗಳಲ್ಲಿ ಕಾಲುಭಾಗದೊಳಗೆ ಮಾತ್ರ ಮಳೆ. 'ಕೆಲವು ಕಡೆ' ಎಂದರೆ ಅರ್ಧದೊಳಗೆ. 'ಹಲವು ಕಡೆ' ಮುಕ್ಕಾಲರ ತನಕ, 'ಬಹುತೇಕ ಕಡೆ' ಅದಕ್ಕೂ ಮೇಲೆ. 'ಒಂದೆರಡು ಕಡೆ' ಇದ್ದ ದಿನ "ಅಡಿಕೆ ಹರಗಿ, ಟಾರ್ಪಲ್ ಅಂಗಳದಲ್ಲೇ ಇರಲಿ" ಎನ್ನುತ್ತೇನೆ. 'ಹಲವು ಕಡೆ' ಬಂದರೆ ಹರಗುವುದೇ ಬೇಡ. ಸಿಪ್ಪೆಗೋಟು, ಅಂದರೆ ಸಿಪ್ಪೆಯೊಡನೆ ಒಣಹಾಕಿದ ಅಡಿಕೆ, ಒಂದು ಸಲ ನೆನೆದರೆ ನಲವತ್ತು ದಿನದ ಬಿಸಿಲು ತಿಂದದ್ದೂ ಬೂಸಲು ಹಿಡಿಯುತ್ತದೆ. ಸಿಡಿಲಿಗೆ 'ದಾಮಿನಿ' ಆ್ಯಪ್ ಎಲ್ಲರ ಫೋನಿಗೂ ಹಾಕಿಸಿದ್ದೇನೆ.

2021ರ ಮೇ ತಿಂಗಳ ತೌಕ್ತೆ ಚಂಡಮಾರುತ ದಡ ಹತ್ತಿದ್ದು ಗುಜರಾತಿನಲ್ಲಿ, ನಮ್ಮ ದಂಡೆ ಕೊರೆದದ್ದು ಅದಕ್ಕೆ ಎರಡು ದಿನ ಮೊದಲು, ದೂರದಿಂದ ಹಾದುಹೋಗುವಾಗಲೇ. ಅಂದಿನಿಂದ ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದ ಮೇಲೆ ವಾಯುಭಾರ ಕುಸಿತ ಎಂದು ಕಂಡರೆ ಅದು ಯಾವ ಊರಿಗೆ ಹೋಗುತ್ತದೆ ಎಂದು ನಾನು ಕೇಳುವುದಿಲ್ಲ.

2025ರಲ್ಲಿ ಮುಂಗಾರು ಕೇರಳಕ್ಕೆ ಮೇ 27ಕ್ಕೆ, ನಾಲ್ಕು ದಿನ ಹಿಂದುಮುಂದು ಎಂದು ಇಲಾಖೆ ಹೇಳಿತ್ತು. ಎಲ್ಲರ ಬಾಯಲ್ಲೂ 27 ಮಾತ್ರ ಉಳಿಯಿತು. ನಾನು ಬೋರ್ಡಿನಲ್ಲಿ 27 ಬರೆಯಲೇ ಇಲ್ಲ. "23ರಿಂದ 31ರೊಳಗೆ" ಎಂದು ದೊಡ್ಡಕ್ಷರದಲ್ಲಿ ಬರೆದು, ಕೆಳಗೆ "ಬೋರ್ಡೋ ಸಿಂಪಡಣೆ ಈ ವಾರವೇ" ಎಂದೆ; ಅಡಿಕೆಯ ಕೊಳೆರೋಗ ತಡೆಯಲು ಮಳೆಗೆ ಮುಂಚೆ ಹೊಡೆಯುವ ಔಷಧಿ ಅದು. ಹಿರಿಯರೊಬ್ಬರು ಪತ್ತನಾಜೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನಕ್ಕೆ, ಇನ್ನೂ ದಿನ ಇದೆ, ಅಲ್ಲಿವರೆಗೆ ಮಳೆ ಗಟ್ಟಿಯಾಗದು ಎಂದರು. ಅವರ ಲೆಕ್ಕವನ್ನು ನಾನು ಎಂದೂ ತಳ್ಳಿಹಾಕಿದವನಲ್ಲ, ಆದರೂ ಆ ಸಲ ಕೈಮುಗಿದು ತೋಟಕ್ಕೆ ಕಳಿಸಿದೆ. ಮೇ ಮೂರನೆಯ ವಾರ ಕರ್ನಾಟಕ ಕರಾವಳಿಯಾಚೆ ಕಡಲು ಕೆಟ್ಟಿತು, 24ಕ್ಕೆ ಮುಂಗಾರು ಕೇರಳ ಮುಟ್ಟಿತು. ಜೂನ್ 1ರ ಮೀನುಗಾರಿಕೆ ನಿಷೇಧಕ್ಕೆ ಇನ್ನೂ ವಾರವಿರುವಾಗಲೇ ಗಂಗೊಳ್ಳಿಯಲ್ಲಿ ಬೋಟುಗಳು ಸಾಲಾಗಿ ಕಟ್ಟಿದ್ದವು. ಆ ಬೆಳಿಗ್ಗೆ ಸೊಸೈಟಿಯ ಸೂರಿನಿಂದ ನೀರು ಸುರಿದು ಬೋರ್ಡಿನ ಎಡಭಾಗ ಪೂರ್ತಿ ತೊಳೆದುಹೋಗಿತ್ತು. ಬಲಭಾಗದಲ್ಲಿ ಹಿಂದಿನ ದಿನ ಬರೆದದ್ದು ಹಾಗೇ ಇತ್ತು: "ಇಳಿಯಬೇಡಿ." ಅದನ್ನು ಅಳಿಸದೆ ತಾರೀಖು ಮಾತ್ರ ಬದಲಿಸಿದೆ.